ಮೊಲದ ರೇಟು, ಕುದುರೆ ರೇಟು

ಆ ದಸರಾ ರಜೆಯಲ್ಲಿ ನನ್ನ ಮಗಳು ನಿರೀಕ್ಷಾ ಕೊಂದ ಮೊಲಗಳ ಲೆಕ್ಕ ಚಿತ್ರಗುಪ್ತನಿಗೂ ಸಿಕ್ಕಿರಲಿಕ್ಕಿಲ್ಲ. ಹನ್ನೆರಡು ವರ್ಷದ ಹುಡುಗಿ, ಜಿರಳೆ ಕಂಡರೆ ಕುರ್ಚಿ ಹತ್ತುವವಳು. ಅಂಥವಳು ಶುದ್ಧ ಶಾಕಾಹಾರಿ ಹೋಟೆಲಿನ ಕ್ಯಾಶ್ ಕೌಂಟರಿನ ಹಿಂದೆ, ಬಿಲ್ ಹೊಡೆಯುವ ಕಂಪ್ಯೂಟರಿನ ಮುಂದೆ ಕೂತು, ಊಟದ ಗಿರಾಕಿಗಳು ಎದ್ದುಹೋದ ಮೇಲೆ ಸಂಜೆಯ ತಿಂಡಿಯವರು ಬರುವ ತನಕ ಕತ್ತಿ ಬೀಸುತ್ತಿದ್ದಳು. ಕಂಪ್ಯೂಟರಿನ ಆಟ ಅದು. ದೇಶದ ಮೂಲೆಮೂಲೆಯ ಮಕ್ಕಳೆಲ್ಲ ಇಂಟರ್ನೆಟ್ಟಿನಲ್ಲಿ ಒಂದೇ ಕಾಡಿಗೆ ಬಂದು ಆಡುವುದಂತೆ. ಒಂದು ಮೊಲ ಕೊಂದರೆ ಎರಡು ನಾಣ್ಯ.

ನಮ್ಮ ಹೋಟೆಲು ದಿಲ್ಲಿಯ ರೋಹಿಣಿಯಲ್ಲಿ, ಸೆಕ್ಟರ್ ಏಳರ ಮಾರ್ಕೆಟ್ಟಿನಲ್ಲಿದೆ. ನನ್ನ ಯಜಮಾನರು ರತ್ನಾಕರ, ಮೀಸೆ ಮೂಡುವ ವಯಸ್ಸಿನಲ್ಲಿ ಕುಂದಾಪುರದಿಂದ ಸೋದರಮಾವನ ಹಿಂದೆ ಬಂದು ಇಲ್ಲೇ ಕಾಲೂರಿದವರು. ನಾನು ಹೇಳುತ್ತಿರುವುದು ಎರಡು ಸಾವಿರದ ಎಂಟನೆಯ ಇಸವಿಯ ಮಾತು. ಬೇಳೆ, ಎಣ್ಣೆ, ಗ್ಯಾಸು ಎಲ್ಲದರ ಬೆಲೆಯೂ ಗಗನಕ್ಕೇರಿತ್ತು. ನಮ್ಮವರು ಅವುಗಳ ಹಿಂದೆಯೇ ಸ್ಟೂಲು ಏರುತ್ತಿದ್ದರು, ಗೋಡೆಯ ರೇಟ್ ಬೋರ್ಡಿನಲ್ಲಿ ಹಳೆಯ ಅಂಕಿಯ ಮೇಲೆ ಹೊಸ ಅಂಕಿಯ ಸ್ಟಿಕರ್ ಅಂಟಿಸಲಿಕ್ಕೆ. ಮಸಾಲೆ ದೋಸೆಯ ಎದುರು ಸ್ಟಿಕರಿನ ಪದರಗಳು ಸೇರಿ ಬೋರ್ಡಿಗೆ ಗುಳ್ಳೆ ಎದ್ದ ಹಾಗೆ ಕಾಣುತ್ತಿತ್ತು. ಸಾಂಬಾರು ಮಾತ್ರ ಎಷ್ಟು ಬೇಕಾದರೂ ಫ್ರೀ. ಇಲ್ಲಿಯ ಜನ ಒಂದು ದೋಸೆ ತರಿಸಿಕೊಂಡು ನಾಲ್ಕು ಬಟ್ಟಲು ಸಾಂಬಾರು ಕುಡಿದು ಏಳುತ್ತಾರೆ. "ಸಾಂಬಾರಿನ ರೇಟು ನಾನು ಯಾವತ್ತೂ ಏರಿಸಿದವನಲ್ಲ" ಎಂದು ನಮ್ಮವರು ಎದೆ ತಟ್ಟಿಕೊಂಡು ಹೇಳುತ್ತಾರೆ. ಸುಳ್ಳಲ್ಲ. ಅವರು ಏರಿಸಿದ್ದು ನೀರನ್ನು ಮಾತ್ರ.

ಇಷ್ಟೊಂದು ಮೊಲಗಳು ಸತ್ತದ್ದು ಒಂದು ಕುದುರೆಗಾಗಿ. ಕುದುರೆ ಬೇಕಾದದ್ದು ಅಣ್ಣನಿಗಾಗಿ.

ನಮ್ಮ ದೊಡ್ಡವನು ದೀಕ್ಷಿತ್ ಆಗ ಹನ್ನೆರಡನೇ ಕ್ಲಾಸು. ಕೋಚಿಂಗ್ ಸೇರಿದ ಮೇಲೆ ಅವನು ತಂಗಿಯೊಡನೆ ಆಡುತ್ತಿದ್ದ ಮಾತು ಎರಡೇ, 'ಹಟ್' ಮತ್ತು 'ರಿಮೋಟ್ ಕೊಡು'. ಆ ಆಟದಲ್ಲಿ ಅವನು ಎರಡು ವರ್ಷದ ಹಳೇ ಹುಲಿ. ಸೆಕ್ಟರ್ ಸೆವೆನ್ ಲಯನ್ಸ್ ಅಂತ ಇಪ್ಪತ್ತು ಹುಡುಗರ ಟೀಮು ಕಟ್ಟಿ ತಾನೇ ಕ್ಯಾಪ್ಟನ್ ಆಗಿದ್ದ. ದಸರಾ ಮುಗಿದ ಭಾನುವಾರ ಟೀಮೆಲ್ಲ ಕುದುರೆ ಹತ್ತಿ ನೀಲಿ ದ್ವೀಪಕ್ಕೆ ಹೋಗುವುದು, ಅದಾದ ಮೇಲೆ ಬೋರ್ಡ್ ಪರೀಕ್ಷೆ ಮುಗಿಯುವ ತನಕ ಆಟ ಬಂದ್ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದ. ಪರೀಕ್ಷೆಯ ನಂತರ ಯಾವ ಊರಿನ ಕಾಲೇಜೋ, ಯಾವ ಹಾಸ್ಟೆಲೋ. ಆ ಕೊನೆಯ ಸವಾರಿಯಲ್ಲಿ ಅಣ್ಣನ ಪಕ್ಕದಲ್ಲಿ ತಾನೂ ಇರಬೇಕು ಎನ್ನುವುದೊಂದೇ ನಿರೀಕ್ಷಾಳ ಆಸೆ.

"ಅಣ್ಣಾ, ನಾನೂ ಬರ್ತೀನಿ ನಾ, ಪ್ಲೀಸ್" ಎಂದು ಒಂದು ಮಧ್ಯಾಹ್ನ ಹೋಟೆಲಿನಲ್ಲೇ ಕೇಳಿದಳು.

"ಘೋಡಾ ಹೈ ತೇರೇ ಪಾಸ್?" ದೀಕ್ಷಿತ್ ದೋಸೆಯಿಂದ ಮುಖ ಎತ್ತಲಿಲ್ಲ. "ನಮ್ಮ ಟೀಮಲ್ಲಿ ನಡ್ಕೊಂಡು ಬರೋ ಪೈದಲ್ ಪಾರ್ಟಿ ಅಲೌಡ್ ಇಲ್ಲ."

"ನೀನೇ ಕೊಡ್ಸು ಹಾಗಾದ್ರೆ."

"ನಹೀಂ. ಸ್ವಂತ ಕಮಾಯಿದೇ ಇರ್ಬೇಕು. ರೂಲ್ ಹೈ."

"ಯಾರು ಮಾಡಿದ್ದು ಆ ರೂಲು?" ಎಂದೆ ನಾನು.

"ನಾನೇ" ಎಂದ, ಹೆಮ್ಮೆಯಿಂದ.

ಅವನು ಎರಡು ವರ್ಷದ ಹಿಂದೆ ಎಂಟುನೂರು ನಾಣ್ಯಕ್ಕೆ ಕೊಂಡ ಕುದುರೆಗೆ ಈಗ ಎಂಬತ್ತು ಸಾವಿರವಂತೆ. ಮೊಲಕ್ಕೆ ಮಾತ್ರ ಆವತ್ತೂ ಎರಡು ನಾಣ್ಯ, ಇವತ್ತೂ ಎರಡೇ ನಾಣ್ಯ. ಇದೆಂಥ ನ್ಯಾಯ ಎಂದು ಕೇಳಿದ್ದಕ್ಕೆ ಅವನು ಬಾಯಲ್ಲಿ ದೋಸೆ ಇಟ್ಟುಕೊಂಡೇ ಪಾಠ ಮಾಡಿದ. ಒಂದೊಂದು ಪ್ರಾಣಿ ಸತ್ತಾಗಲೂ ನಾಣ್ಯ ಎಲ್ಲಿಂದಲೋ ಹುಟ್ಟಿ ಬರುತ್ತದೆ. ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತವೆ. ಹುಟ್ಟಿದ ನಾಣ್ಯಕ್ಕೆ ಸಾವಿಲ್ಲ, ಅದು ಹಳಬರ ಗಂಟಿನಲ್ಲಿ ಬೆಳೆಯುತ್ತಾ ಹೋಗುತ್ತದೆ. ಹಳಬರ ಹತ್ತಿರ ಕೋಟಿ ಇರುವಾಗ ಕುದುರೆಗೆ ಎಂಟುನೂರು ಯಾರು ಹೇಳುತ್ತಾರೆ?

"ಮೊಲದ ರೇಟು ಕಂಪನಿ ಫಿಕ್ಸ್ ಮಾಡೋದು. ಕುದುರೆ ರೇಟು ಪಬ್ಲಿಕ್ ಫಿಕ್ಸ್ ಮಾಡೋದು. ಸಿಂಪಲ್" ಎಂದ.

"ಇದು ಹಗಲು ದರೋಡೆ!" ಎಂಬ ಗುಡುಗು ಮೇಲಿನಿಂದ ಬಂತು. ನಮ್ಮವರು ಸ್ಟೂಲಿನ ಮೇಲೆ ನಿಂತು ಮಸಾಲೆ ದೋಸೆಯ ಮೂವತ್ತೆಂಟರ ಮೇಲೆ ನಲವತ್ತೆರಡನ್ನು ಅಂಟಿಸುತ್ತಿದ್ದರು. "ಹೊಸದಾಗಿ ಬಂದ ಮಕ್ಕಳು ಬದುಕುವುದು ಹೇಗೆ? ಕೇಳುವವರೇ ಇಲ್ಲವಾ?"

ಮೂಲೆಯ ಮೇಜಿನಲ್ಲಿ ಸುಬೇದಾರ್ ನಾಣಯ್ಯನವರು ಕೂತಿದ್ದರು. ಕೊಡಗಿನವರು, ಸೈನ್ಯದಿಂದ ರಿಟೈರಾಗಿ ನಮ್ಮ ಹಿಂದಿನ ಗಲ್ಲಿಯಲ್ಲಿ ಮಗಳ ಮನೆಯಲ್ಲಿ ಇರುವವರು, ದಿನಾ ಆ ಹೊತ್ತಿಗೆ ಒಂದು ದೋಸೆ, ಒಂದು ಕಾಫಿಗೆ ಬರುವವರು. ಅವರು ಕನ್ನಡಕ ಸರಿಮಾಡಿಕೊಂಡು ಹೊಸ ಸ್ಟಿಕರನ್ನು ಓದಿದರು.

"ಈಗ ಅರ್ಥ ಆಯ್ತು ಪ್ರಫುಲ್ಲಮ್ಮಾ" ಎಂದರು ನನಗೆ. "ನನ್ನ ಪೆನ್ಶನ್ನು ಮೊಲ. ನಿಮ್ಮ ದೋಸೆ ಕುದುರೆ."

"ಎಂತ ಮಾಡುವುದು ಸುಬೇದಾರ್ರೇ, ಉದ್ದಿನಬೇಳೆ ರೇಟು ನೋಡಿದಿರಲ್ಲ" ಎಂದು ನಮ್ಮವರು ಸ್ಟೂಲಿನಿಂದಲೇ ಕೈ ಮುಗಿದು ಇಳಿದರು. ಇಳಿದವರೇ ಕಂಪ್ಯೂಟರಿನ ಮುಂದೆ ಮಗಳ ಪಕ್ಕ ಕುರ್ಚಿ ಎಳೆದುಕೊಂಡರು. "ನನ್ನ ಮಗಳು ಕುದುರೆ ಹತ್ತಿಯೇ ಹತ್ತುತ್ತಾಳೆ. ಕಮಾಯಿ ಅವಳದ್ದೇ. ಸಲಹೆ ಮಾತ್ರ ನನ್ನದು."

ಅವರ ಸಲಹೆ ಎಂದರೆ ಗೊತ್ತಲ್ಲ, ಹೋಟೆಲು. ಮಂಗಳಗ್ರಹದಲ್ಲಿ ಇಳಿಸಿದರೂ ಇವರು ಮೊದಲು ಒಲೆ ಹೂಡುವವರು. ಆಟದಲ್ಲಿ ಹೊಸಬರು ಬಂದಿಳಿಯುವ ಒಂದು ಹಳ್ಳಿ ಇದೆ. ಬೇಟೆಯಾಡಿ ಸುಸ್ತಾದವರು ಏನಾದರೂ ತಿಂದರೆ ಮತ್ತೆ ಶಕ್ತಿ ಬರುತ್ತದೆ. ಸ್ವಲ್ಪ ನಾಣ್ಯ ಕೊಟ್ಟರೆ ಅಲ್ಲಿ ಅಂಗಡಿ ಹಾಕಬಹುದು. ಇದ್ದಬದ್ದ ಅಂಗಡಿಯವರೆಲ್ಲ ಮಾಂಸದ ಸಾರು ಮಾರುತ್ತಿದ್ದರು.

"ಮಾಂಸ ಅವರಿಗೆ ಎಲ್ಲಿಂದ ಬರುತ್ತದೆ?" ಎಂದು ಕೇಳಿದರು.

"ಮೊಲದಿಂದ ಪಪ್ಪಾ. ನನ್ನ ಬ್ಯಾಗಲ್ಲೂ ಇದೆ, ಫೋರ್ ಹಂಡ್ರೆಡ್ ಪೀಸಸ್."

ನಮ್ಮವರು ಕಾದ ಕಾವಲಿ ಮುಟ್ಟಿದವರಂತೆ ಮೌಸಿನಿಂದ ಕೈ ಕಿತ್ತುಕೊಂಡರು. "ಎಸೆ! ಈಗಲೇ ಎಸೆ!"

"ಕೊಲ್ಲೋದು ಓಕೆ, ಮಾರೋದು ಓಕೆ ಅಲ್ವಾ?"

"ಕೊಲ್ಲುವುದು ಆಟ. ಮಾರುವುದು ವ್ಯಾಪಾರ. ವ್ಯಾಪಾರದಲ್ಲಿ ಒಂದು ಧರ್ಮ ಬೇಡವಾ ಮಗಾ?"

ಅವಳು ಹಳ್ಳಿಯ ಬಾವಿಯ ಪಕ್ಕದಲ್ಲಿ ಅಷ್ಟನ್ನೂ ಸುರಿದಳು. ಕೌಂಟರಿನ ಮೇಲಿಂದ ಬಗ್ಗಿ ನೋಡುತ್ತಿದ್ದ ನಾಣಯ್ಯನವರು, "ಅಷ್ಟೂ ಎಸೆದೇಬಿಟ್ಟಳಾ?" ಎಂದರು. ಅವರ ಮುಖದಲ್ಲಿ ನಿಜವಾದ ದುಃಖವಿತ್ತು. ಆಮೇಲೂ ದಿನದ ಬೇಟೆಯ ಮಾಂಸವೆಲ್ಲ ಅಲ್ಲಿಗೇ ಬೀಳತೊಡಗಿತು.

ಹೀಗೆ ಅಂತರ್ಜಾಲದ ಆ ಘೋರಾರಣ್ಯದಲ್ಲಿ 'ಪ್ಯೂರ್ ವೆಜ್' ಎಂಬ ಬೋರ್ಡು ಬಿತ್ತು. ಅಡುಗೆಗೆ ಸಿಗುತ್ತಿದ್ದದ್ದು ಕುಂಬಳಕಾಯಿ, ಅಣಬೆ. ಅಣಬೆ ನಮ್ಮತ್ತೆಗೆ ಆಗುತ್ತಿರಲಿಲ್ಲವೆಂದು, ತೀರಿಕೊಂಡ ಅತ್ತೆಯ ಗೌರವಾರ್ಥ ಅದನ್ನೂ ಬಿಟ್ಟರು. ಉಳಿದದ್ದು ಕುಂಬಳಕಾಯಿ ಸೂಪು. ಬೇರೆಯವರ ಮಾಂಸದ ಸಾರು ಇನ್ನೂರಕ್ಕೆ ಹೋಗುತ್ತಿದ್ದರೆ, ಹೊಸ ಮಕ್ಕಳಿಗೆ ಎಟುಕಲಿ ಎಂದು ನಮ್ಮ ಸೂಪಿಗೆ ಐದೇ ನಾಣ್ಯ ಇಟ್ಟರು. ಮೇಲಿಂದ ಎರಡನೇ ಬಟ್ಟಲು ಫ್ರೀ. ಆಟದಲ್ಲಿ ಫ್ರೀ ಬಡಿಸುವ ಏರ್ಪಾಡೇ ಇಲ್ಲ. ಆದರೂ ನಿರೀಕ್ಷಾ ಬಂದವರಿಗೆಲ್ಲ 'ಸೆಕೆಂಡ್ ಬೌಲ್ ಫ್ರೀ' ಎಂದು ಟೈಪು ಮಾಡಿ, ತಾನೇ ಇನ್ನೊಂದು ಬಟ್ಟಲು ನೆಲದ ಮೇಲೆ ಇಟ್ಟುಕೊಡುತ್ತಿದ್ದಳು.

ವ್ಯಾಪಾರ ಕುದುರಿತು. ಎಷ್ಟು ಎಂದರೆ, ಮಾಡಿಟ್ಟ ಸೂಪು ಇಟ್ಟ ಕೂಡಲೇ ಖಾಲಿ. ನಮ್ಮವರು ಅಡುಗೆಮನೆಗೆ ಹೋಗಿ ಭಟ್ಟರಿಗೂ ಹೇಳಿ ಬಂದರು, ಹೌಸ್‌ಫುಲ್ ಅಂತ. ರೇಟು ಕಡಿಮೆ ಇಟ್ಟರೆ ಜನ ಹೇಗೆ ಮುಗಿಬೀಳುತ್ತಾರೆ ನೋಡು ಎಂದು ನನಗೆ ಉಪದೇಶ ಬೇರೆ. ಗೋಡೆಯ ಬೋರ್ಡಿನ ಕಡೆ ನಾನು ಕಣ್ಣು ತಿರುಗಿಸಿದೆ. ಅವರು ನೋಡದವರಂತೆ ನೋಡಿದರು.

ಆದರೆ ನಿರೀಕ್ಷಾಳಿಗೆ ಏನೋ ಸರಿ ಕಾಣಲಿಲ್ಲ. ಹೊಸ ಮಕ್ಕಳು ಅಂಗಡಿಗೆ ಬಂದು ಸೂಪ್ ಎಲ್ಲಿ, ಸೂಪ್ ಎಲ್ಲಿ ಎಂದು ಕೇಳುತ್ತಲೇ ಇದ್ದರು. ತಿನ್ನುವವರಿಗೆ ಸಿಗದ ಸೂಪು ಹೋದದ್ದೆಲ್ಲಿಗೆ? ಅವಳು ದೊಡ್ಡ ಪೇಟೆಗೆ ನಡೆದುಕೊಂಡು ಹೋಗಿ ನೋಡಿದಳು. ಕುದುರೆ ಇಲ್ಲದವರಿಗೆ ಅದೇ ಒಂದು ಮಧ್ಯಾಹ್ನದ ದಾರಿ. ಅಲ್ಲಿ ಕುಬೇರ್ ಎಂಬ ಹೆಸರಿನ ಯಾವನೋ ಹಳೇ ಆಟಗಾರ ನಮ್ಮ ಸೂಪನ್ನೇ ಸಾಲಾಗಿ ಜೋಡಿಸಿ ನೂರೈವತ್ತರಂತೆ ಮಾರುತ್ತಿದ್ದ. ಫ್ರೀ ಕೊಟ್ಟ ಎರಡನೇ ಬಟ್ಟಲಿಗೂ ನೂರೈವತ್ತು.

"ಕಾಳಸಂತೆ!" ನಮ್ಮವರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ಸೋಂಪಿನ ಬಟ್ಟಲು ಹಾರಿ ಬಿತ್ತು. "ಬಡವರ ಬಾಯಿಯ ತುತ್ತು ಕಸಿಯುವ ಇಂಥವರನ್ನು ಒದ್ದು ಒಳಗೆ ಹಾಕಬೇಕು."

ಅದೇ ರಾತ್ರಿ ಊಟಕ್ಕೆ ಕೂತಾಗ ದೀಕ್ಷಿತ್ ಯಾವತ್ತೂ ಇಲ್ಲದ ಖುಷಿಯಲ್ಲಿದ್ದ. ಅವನ ಕುದುರೆಗೆ ಬಂಗಾರದ ಜೀನು ಬಂದಿತ್ತು.

"ಅಮ್ಮ, ಯು ವೋಂಟ್ ಬಿಲೀವ್. ಹೊಸಬರ ಹಳ್ಳೀಲಿ ಬಾವಿ ಹತ್ರ ಯಾರೋ ಬೇವಕೂಫ್ ರೋಜ್ ರಾಶಿ ರಾಶಿ ಮಾಂಸ ಎಸೆದು ಹೋಗ್ತಾನೆ. ನಾನು ಎತ್ಕೊಂಡು ಬಂದು ಪೇಟೇಲಿ ಮಾರ್ತೀನಿ. ಮಸ್ತ್ ಪೈಸಾ."

ನಿರೀಕ್ಷಾಳ ಕೈ ತಟ್ಟೆಯಲ್ಲೇ ನಿಂತಿತು. ನಮ್ಮವರ ಮುಖ ಕೆಂಪಾಯಿತು.

"ನೀನು ಮಾಂಸ ಮಾರಿದೆಯಾ? ನಮ್ಮ ವಂಶದಲ್ಲಿ ಹುಟ್ಟಿ?" ಎಂದು ಕೂಗಿದರು. ಒಂದು ತುತ್ತು ನುಂಗಿದರು. ಆಮೇಲೆ ಸ್ವರ ಇಳಿಸಿ, "ಎಷ್ಟಕ್ಕೆ ಹೋಯಿತು?" ಎಂದರು.

"ಥರ್ಟಿ ಪರ್ ಪೀಸ್."

ನಮ್ಮವರು ಲೆಕ್ಕ ಹಾಕುವುದು ಅವರ ತುಟಿಯಲ್ಲೇ ಕಾಣುತ್ತಿತ್ತು. ಧರ್ಮ ಒಂದು ಕಡೆ ಎಳೆಯಿತು, ಗುಣಾಕಾರ ಇನ್ನೊಂದು ಕಡೆ.

"ಅದು ನನ್ನ ಮಾಂಸ ಅಣ್ಣಾ" ಎಂದಳು ನಿರೀಕ್ಷಾ. "ಪಪ್ಪಾ ಎಸಿ ಅಂದ್ರು."

ದೀಕ್ಷಿತ್ ಒಂದು ಕ್ಷಣ ಪೆಚ್ಚಾದ. ಮರುಕ್ಷಣವೇ ಕ್ಯಾಪ್ಟನ್ ಆದ. "ಎಸೆದಿದ್ದು ಎತ್ಕೊಂಡವರದ್ದು. ಮಾರ್ಕೆಟ್ ಹೈ ಯಾರ್."

ಅಪ್ಪ ಏನಾದರೂ ಹೇಳಿಯಾರು ಎಂದು ಅವಳು ಅವರ ಕಡೆ ನೋಡಿದಳು. ಅವರು ಮಗನನ್ನು ಬೈಯುವ ಮುಖ ಮಾಡಿಕೊಂಡು ಕೂತಿದ್ದರು, ಆದರೆ ಆ ಮುಖದ ಹಿಂದಿನ ಹೆಮ್ಮೆ ನನ್ನ ಕಣ್ಣಿಗೆ ಬಿತ್ತು. ವ್ಯಾಪಾರ ಬಲ್ಲ ಮಗ! ನನಗೆ ಅಪ್ಪ ಮಗ ಇಬ್ಬರನ್ನೂ ಸೇರಿಸಿ ಬಾಗಿಲಾಚೆ ದಬ್ಬಬೇಕೆನಿಸಿತು. ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಮಾಂಸ ಮಾರುವ ಮಾತನ್ನು ನಮ್ಮವರು ಆಮೇಲೂ ಒಪ್ಪಲಿಲ್ಲ. ಕಂಪ್ಯೂಟರಿನ ಒಳಗಾದರೂ ಶುದ್ಧ ಶಾಕಾಹಾರಿ ಶುದ್ಧ ಶಾಕಾಹಾರಿಯೇ. ಬಾವಿಯ ಪಕ್ಕ ಎಸೆಯುವುದನ್ನು ಬಿಟ್ಟು ನದಿಗೆ ಎಸೆಯುವುದೆಂದು ತೀರ್ಮಾನವಾಯಿತು. ಆದರೆ ಸೂಪಿನ ವಿಷಯದಲ್ಲಿ ಅವರಿಗೆ ಜ್ಞಾನೋದಯವಾಗಿತ್ತು.

"ಹೇಗೂ ಜನ ನೂರೈವತ್ತು ಕೊಡುತ್ತಾರೆ. ಕಳ್ಳನಿಗೆ ಹೋಗುವ ಲಾಭ ನಮಗೇ ಬರಲಿ" ಎಂದು ಸೂಪಿಗೆ ನೂರೈವತ್ತು ಇಟ್ಟರು. ಕುಬೇರ ಮುನ್ನೂರು ಮಾಡಿದ. ಇವರು ಇನ್ನೂರೈವತ್ತು ಮಾಡಿದರು. ಅವನು ಐನೂರು ಮಾಡಿದ. ಇವರು ನಾನೂರು ಮಾಡಿದರು. ಮಾಂಸದ ಸಾರಿನವರೂ ಬೆನ್ನಿಗೇ ಏರಿಸಿದರು. ಎರಡನೇ ಬಟ್ಟಲು ಹೇಗೂ ಕಾಳಸಂತೆಗೆ ಹೋಗುತ್ತದೆಂದು ಅದನ್ನು ನಿಲ್ಲಿಸಿದರು. ಸೂಪಿನಲ್ಲಿ ಕುಂಬಳಕಾಯಿ ಕಡಿಮೆ ಮಾಡಲಿಕ್ಕೆ ಆಗುತ್ತದಾ ಎಂದೂ ಒಮ್ಮೆ ಕೇಳಿದರು. ಆಟದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ನಾಣ್ಯ ಬರತೊಡಗಿತು. ಪೇಟೆಗೆ ಹೋಗುವ ಹಳಬರೇ ಈಗ ನಮ್ಮ ಗಿರಾಕಿಗಳು. ಹೊಸ ಮಕ್ಕಳು ಬಂದು ಬೋರ್ಡು ನೋಡಿ ಹಾಗೇ ಹೋಗುತ್ತಿದ್ದರು. ಒಬ್ಬಳು ಮಾತ್ರ, ಹೆಸರಿನಿಂದ ಹುಡುಗಿ ಎಂದು ಕಾಣುತ್ತದೆ, ಅಂಗಡಿಯ ಮುಂದೆ ನಿಂತು 'ದೀದಿ, ಪಾಂಚ್ ವಾಲಾ ಸೂಪ್ ಹೈ ಕ್ಯಾ?' ಎಂದು ಟೈಪು ಮಾಡಿದಳು. ನಿರೀಕ್ಷಾ ಅಪ್ಪನ ಮುಖ ನೋಡಿದಳು.

"ಅವಳಿಗೆ ಹೇಳು, ಕಷ್ಟಪಟ್ಟರೆ ಮೇಲೆ ಬರಬಹುದು. ನಾನೂ ಕುಂದಾಪುರದಿಂದ ಒಂದು ಜೊತೆ ಬಟ್ಟೆಯಲ್ಲಿ ಬಂದವನು."

"ಇಷ್ಟೆಲ್ಲ ಟೈಪ್ ಮಾಡೋದಾ ಪಪ್ಪಾ?"

"ನೀವು ಬಂದಾಗ ಈ ಅಂಗಡಿ ಹಿಡಿಯಲು ಕೊಡುವ ಪಗಡಿ ಹಣ ಎಷ್ಟಿತ್ತು, ಈಗ ಎಷ್ಟಿದೆ, ಅದನ್ನೂ ಟೈಪು ಮಾಡಿಸಿ" ಎಂದೆ ನಾನು. ಅವರಿಗೆ ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು. ನಿರೀಕ್ಷಾ ಏನೂ ಟೈಪು ಮಾಡಲಿಲ್ಲ. ಆ ಹುಡುಗಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಭಾನುವಾರ ಬಂತು. ಊಟದ ರಶ್ ಇಳಿಯುವ ಹೊತ್ತಿಗೆ ನಿರೀಕ್ಷಾಳ ಗಂಟಿನಲ್ಲಿ ಎಂಬತ್ತು ಸಾವಿರ ತುಂಬಿತ್ತು. ದೀಕ್ಷಿತ್ ಮತ್ತು ಅವನ ಟೀಮು ನಮ್ಮಿಂದ ಎರಡು ಅಂಗಡಿ ಆಚೆಗಿನ ಸೈಬರ್ ಕೆಫೆಯಲ್ಲಿ ಆಗಲೇ ಜಮಾಯಿಸಿದ್ದರು, ಸ್ವಲ್ಪ ಹೊತ್ತಿನಲ್ಲಿ ಹೊರಡುವವರು. ಮಗಳು ಹೊಸ ಫ್ರಾಕು ಹಾಕಿಕೊಂಡು ಬಂದಿದ್ದಳು. ಕಂಪ್ಯೂಟರಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ. ನಮ್ಮವರು ಬೆಳಿಗ್ಗೆ ದೇವರಿಗೆ ಹಚ್ಚಿದ ಕುಂಕುಮವನ್ನೇ ಮೌಸಿಗೂ ಹಚ್ಚಿದರು. ನಾಣಯ್ಯನವರು ಕಾಫಿ ಲೋಟ ಹಿಡಿದು ಕೌಂಟರಿನ ಬಳಿಗೇ ಬಂದು ನಿಂತರು. ಕುದುರೆ ಎಂದ ಮೇಲೆ ಸೈನ್ಯದವರೊಬ್ಬರು ಇರಬೇಕಲ್ಲ.

ಕುದುರೆಯಂಗಡಿಯವನು, ಅವನೂ ಒಬ್ಬ ಆಟಗಾರನೇ, ಬಿಳಿಯ ಕುದುರೆಯೊಂದನ್ನು ತೋರಿಸಿದ. ನಿರೀಕ್ಷಾ ಬೆಲೆಯ ಮೇಲೆ ಬೆರಳಿಟ್ಟಳು. ಒಂದು ಲಕ್ಷದ ಅರವತ್ತು ಸಾವಿರ.

"ಎಂಬತ್ತಿತ್ತಲ್ಲ! ಕೇಳು, ಯಾಕೆ ಅಂತ ಕೇಳು!" ನಮ್ಮವರು ತಾವೇ ಒಂದು ಬೆರಳಿನಿಂದ ಟೈಪು ಮಾಡಿದರು, 'ಯೇ ಲೂಟ್ ಹೈ' ಎಂದು.

ಅತ್ತಲಿಂದ ಉತ್ತರ ಬಂತು. ನಿರೀಕ್ಷಾ ಗಟ್ಟಿಯಾಗಿ ಓದಿ, ಅರ್ಧ ಕನ್ನಡ ಮಾಡಿ ಹೇಳಿದಳು. "ಅಂಕಲ್, ಕ್ಯಾ ಕರೇಂ. ಸೂಪ್ ಕಾ ರೇಟ್ ದೇಖಾ ಹೈ ಆಪನೇ? ನಾನೂ ತಿನ್ನಬೇಕು, ನನ್ನ ಕೆಲಸದವರೂ ತಿನ್ನಬೇಕು. ಹೊಸಬರ ಹಳ್ಳಿಯಲ್ಲಿ ಯಾರೋ ಪ್ಯೂರ್ ವೆಜ್‌ನವನು ಏರಿಸಿದ, ಆಮೇಲೆ ಎಲ್ಲವೂ ಏರಿತು."

ನಾಣಯ್ಯನವರು ಕಾಫಿಯನ್ನು ಬಹಳ ಎಚ್ಚರಿಕೆಯಿಂದ ಕುಡಿದರು. ಇಪ್ಪತ್ತೈದು ವರ್ಷ ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ಉತ್ತರ ಹೇಳಿದ ನಮ್ಮವರು ಟೈಪು ಮಾಡಿದ ಬೆರಳನ್ನು ಅಂಗಿಗೆ ಒರೆಸಿಕೊಂಡರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆವತ್ತು ಮಗಳ ಮುಖ ನೋಡಿದೆ. ಅವಳು ಕಣ್ಣು ಮಿಟುಕಿಸದೆ ಬಿಳಿಯ ಕುದುರೆಯನ್ನೇ ನೋಡುತ್ತಿದ್ದಳು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಪಪ್ಪಾ, ನಾವೇ ಮಾಡಿದ್ದಾ ಇದು?" ಎಂದಳು.

ಗಲ್ಲೆಯ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ಸೈಬರ್ ಕೆಫೆಗೆ ನಡೆದೆ.

ಒಳಗೆ ಕತ್ತಲೆ, ಎಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಹುಡುಗರ ಸಾಲು. ಒಬ್ಬೊಬ್ಬರ ಮುಂದೆಯೂ ಒಂದೊಂದು ಕುದುರೆ. ನಡುವೆ ನನ್ನ ಸುಪುತ್ರ, ಬಂಗಾರದ ಜೀನಿನ ಮೇಲೆ. ಹೋಗಿ ಹೆಡ್‌ಫೋನು ಕಿತ್ತೆ.

"ಅಮ್ಮ? ಆಪ್ ಯಹಾಂ?"

"ದೀಕ್ಷಿತ್, ಕುದುರೆಯಿಂದ ಇಳಿ."

"ಅಮ್ಮ, ಪ್ಲೀಸ್, ಸಬ್ ದೇಖ್ ರಹೇ ಹೈಂ."

ನೋಡಲಿ ಎಂದೇ ನಾನು ಹಿಂದಿಗೆ ತಿರುಗಿದೆ. ಇಪ್ಪತ್ತು ವರ್ಷದಿಂದ ದಿಲ್ಲಿಯಲ್ಲಿದ್ದರೂ ಸಿಟ್ಟು ಬಂದಾಗ ನನ್ನ ಹಿಂದಿ ಈಗಲೂ ಎಡವುತ್ತದೆ. "ಉತರ್ ಘೋಡೇ ಸೇ! ಶರಮ್ ನಹೀಂ ಆತೀ? ಬಹನ್ ಕಾ ಮಾಂಸ್ ಬೇಚ್‌ಕೇ ಸೋನೇ ಕಾ ಜೀನ್ ಲಿಯಾ!"

ತಂಗಿ ಬೇಟೆಯಾಡಿದ ಮಾಂಸ ಎಂದು ನನ್ನ ಅರ್ಥ. ತಂಗಿಯ ಮಾಂಸ ಎಂದು ಕೆಫೆಗೆಲ್ಲ ಕೇಳಿಸಿತು. ಕೆಫೆಯ ಮಾಲೀಕ ಎದ್ದು ನಿಂತ. ಬಾಗಿಲ ಬಳಿಯ ಹುಡುಗನೊಬ್ಬ ಹೆಡ್‌ಫೋನು ತೆಗೆದು ಗೋಡೆಗೆ ಒತ್ತಿಕೊಂಡ. ಈ ಸುದ್ದಿ ಸುತ್ತಿ ಬಳಸಿ ಮರುದಿನದ ಹೊತ್ತಿಗೆ, ಮದ್ರಾಸಿ ಹೋಟೆಲಿನವರು ಒಳಗೊಳಗೇ ಮೊಲದ ಮಾಂಸ ಮಾರುತ್ತಾರೆ ಎಂಬಲ್ಲಿಗೆ ಬಂದು ನಿಂತಿತು. ಶುದ್ಧ ಶಾಕಾಹಾರಿ ಬೋರ್ಡಿನ ಕೆಳಗೆ ನಮ್ಮವರು ಮೂರು ದಿನ ಪ್ರಮಾಣ ಮಾಡುತ್ತಾ ನಿಲ್ಲಬೇಕಾಯಿತು.

ದೀಕ್ಷಿತ್ ಕಿವಿಯವರೆಗೆ ಕೆಂಪಾಗಿದ್ದ. ವಾದಕ್ಕೆ ಇಳಿಯುತ್ತಾನೆ ಎಂದುಕೊಂಡೆ. ರೂಲು, ಮಾರ್ಕೆಟ್ಟು ಎನ್ನುತ್ತಾನೆ, ಎರಡು ಬಿಗಿಯೋಣ ಎಂದು ಕೈಯನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವನು ಸ್ಕ್ರೀನಿನ ಕಡೆ ನೋಡಿದ. ಮೆಲ್ಲಗೆ, ಗೆಳೆಯರಿಗೆ ಅರ್ಥವಾಗಬಾರದೆಂದು ಕನ್ನಡದಲ್ಲಿ ಕೇಳಿದ.

"ಅಳ್ತಾ ಇದಾಳಾ?"

"ಹೂಂ" ಎಂದೆ.

ಅವನು ಒಂದು ಗುಂಡಿ ಒತ್ತಿದ. ಕ್ಯಾಪ್ಟನ್ ಕುದುರೆಯಿಂದ ಇಳಿದ.

ಪಕ್ಕದ ಕುರ್ಚಿಯಿಂದ ಅವನ ಗೆಳೆಯ ರಿತೇಶ್ ಗಾಬರಿಯಾಗಿ ಎದ್ದ. ಅವನ ಹಿಂದಿಯನ್ನು ಅರ್ಧ ನನ್ನ ಕನ್ನಡದಲ್ಲೇ ಹೇಳುತ್ತೇನೆ. "ಆಂಟಿ, ಯೇ ಪೈದಲ್ ಗಯಾ ತೋ ಹಮ್ ಸಬ್ ಫಸ್ ಗಯೇ. ಕ್ಯಾಪ್ಟನ್‌ಗಿಂತ ಮುಂದೆ ಯಾರೂ ಹೋಗೋ ಹಾಗಿಲ್ಲ. ರೂಲ್ ಹೈ."

ಆ ರೂಲು ಯಾರದ್ದೆಂದು ಕೇಳಬೇಕಾಗಲಿಲ್ಲ.

ನಾನು ಹೋಟೆಲಿಗೆ ವಾಪಸು ಬರುವಷ್ಟರಲ್ಲಿ ನಿರೀಕ್ಷಾಳ ಸ್ಕ್ರೀನಿನಲ್ಲಿ ಮೆರವಣಿಗೆ ಹೊರಟಿತ್ತು. ಮುಂದೆ ಸೂಪಿನ ಮಡಕೆ ಹೊತ್ತ ಪುಟ್ಟ ಹುಡುಗಿ, ಪಕ್ಕದಲ್ಲಿ ಕವಚ ತೊಟ್ಟ ಅಣ್ಣ, ಅವನ ಹಿಂದೆ ಬಂಗಾರದ ಜೀನಿನ ಖಾಲಿ ಕುದುರೆ, ಅದರ ಹಿಂದೆ ಒಬ್ಬರ ಬಾಲಕ್ಕೆ ಒಬ್ಬರು ತಾಗುತ್ತಾ ಹತ್ತೊಂಬತ್ತು ಸವಾರರು. ಕುದುರೆಯಲ್ಲಾದರೆ ದ್ವೀಪದ ದೋಣಿಕಟ್ಟೆಗೆ ಹತ್ತು ನಿಮಿಷದ ದಾರಿಯಂತೆ. ನಡೆದು ಹೋಗುವುದನ್ನು ಯಾರೂ ಪ್ರಯತ್ನಪಟ್ಟಿರಲಿಲ್ಲ.

ಸಂಜೆಯ ತಿಂಡಿಯವರು ಬಂದರು. ಕಂಪ್ಯೂಟರು ಕಾಡಿನಲ್ಲಿತ್ತು. "ಬಿಲ್ಲು ಹೊಡೆಯುವುದು ಹೇಗೆ ಮಾರಾಯ್ತಿ?" ಎಂದರು ನಮ್ಮವರು. ನಾನು ಅವರ ಕಡೆ ಒಂದು ಸಲ ನೋಡಿದೆ. ಅವರು ಸುಮ್ಮನೆ ಪೆನ್ನು ತೆಗೆದುಕೊಂಡು ಚೀಟಿಯ ಮೇಲೆ ಬರೆಯತೊಡಗಿದರು. ಭಾನುವಾರದ ಜನ, ಒಂದು ಮೇಜಿನ ವಡೆ ಇನ್ನೊಂದು ಮೇಜಿನ ಬಿಲ್ಲಿಗೆ ಹೋಯಿತು. ಗಲಾಟೆ ಎದ್ದ ಕಡೆ ನಾಣಯ್ಯನವರು ಹೋಗಿ ಸುಮ್ಮನೆ ನಿಂತರೆ ಸಾಕು, ತಣ್ಣಗಾಗುತ್ತಿತ್ತು.

ಅಣ್ಣ ತಂಗಿ ನಡೆಯುತ್ತಲೇ ಇದ್ದರು. ನಡೆಯುತ್ತಾ ಒಬ್ಬರಿಗೊಬ್ಬರು ಟೈಪು ಮಾಡುತ್ತಿದ್ದರು. ಮೊದಮೊದಲು 'ಕ್ಯಾ ಕರ್ ರಹೀ ಹೈ', 'ಕುಛ್ ನಹೀಂ' ಎಂಬಷ್ಟೇ. ಆಮೇಲೆ ಸಾಲುಗಳು ಉದ್ದವಾದವು. ಶಾಲೆಯಲ್ಲಿ ಅವಳ ಪಕ್ಕ ಈಗ ಯಾರೂ ಕೂರುವುದಿಲ್ಲವೆಂದು ಅವಳು ಹೇಳಿದಳು, ನನಗೇ ಅದು ಗೊತ್ತಿರಲಿಲ್ಲ. ತನಗೆ ಫಿಸಿಕ್ಸ್ ತಲೆಗೇ ಹೋಗುವುದಿಲ್ಲ, ಪಪ್ಪಾನಿಗೆ ಹೇಗೆ ಹೇಳುವುದೋ ತಿಳಿಯದು, ನೀನು ಹೇಳಬೇಡ ಎಂದು ಅವನು ಬರೆದ. ಮಗಳ ಹೆಗಲ ಮೇಲಿಂದ ನಾನು ಅದನ್ನು ಓದಿದೆ. ಓದಿ, ಚಿಲ್ಲರೆ ಹುಡುಕುವವಳಂತೆ ಗಲ್ಲೆಗೆ ಬಗ್ಗಿದೆ.

ಹೊರಗೆ ದೀಪ ಹತ್ತಿತು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು. ಲಯನ್ಸ್‌ಗಳ ಜೇಬು ಬರಿದಾಗುತ್ತಾ ಬಂದಿತ್ತು. ಕೊನೆಗೆ ರಿತೇಶ್ ಓಡುತ್ತಾ ನಮ್ಮ ಹೋಟೆಲಿಗೇ ಬಂದ, ಏದುಸಿರು ಬಿಡುತ್ತಾ ಕೌಂಟರಿಗೆ ಒರಗಿದ.

"ಆಂಟಿ, ಪ್ಲೀಸ್, ಅವಳಿಗೆ ಹೇಳಿ. ಶಿಫ್ಟ್ ಒತ್ತಿ ಹಿಡಿದ್ರೆ ಓಡಬಹುದು! ನಡೀಲೇಬೇಕು ಅಂತಿಲ್ಲ. ಹಮಾರಾ ಪೈಸಾ ಜಾ ರಹಾ ಹೈ."

ಪಾಪ, ಹೊಸದಾಗಿ ಕಲಿತವಳು, ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ ಎಂದುಕೊಂಡು ನಾನು ಮಗಳ ಕಿವಿಯ ಹತ್ತಿರ ಬಗ್ಗಿದೆ. "ಮಗಾ, ಶಿಫ್ಟ್ ಒತ್ತಿ ಹಿಡಿದರೆ ಓಡುತ್ತದಂತೆ."

"ಗೊತ್ತಮ್ಮ" ಎಂದಳು ನಿರೀಕ್ಷಾ, ಸ್ಕ್ರೀನಿನಿಂದ ಕಣ್ಣು ತೆಗೆಯದೆ. ಶಿಫ್ಟ್ ಒತ್ತಬೇಕಾದ ಅವಳ ಎಡಗೈ ಮಡಿಲಲ್ಲಿತ್ತು.